ಕಾಕಾನ ಮಗ ವರನಾದ ಕಂತು

ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಕಾಲಿಗೆ ತೊಡರುತ್ತಿದ್ದದ್ದು ಕುಣಿತ. ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಪ್ರೇಮಕಥೆ ಯಾವುದನ್ನೇ ಎತ್ತಿಕೊಳ್ಳಿ, ಮೂರನೆಯದೋ ನಾಲ್ಕನೆಯದೋ ಅಧ್ಯಾಯ ಬರುವಷ್ಟರಲ್ಲಿ ಒಂದು ದೊಡ್ಡ ಮನೆ, ಸಾಲು ಮೇಣದಬತ್ತಿ, ಪಿಟೀಲು, ಜೋಡಿಜೋಡಿಯಾಗಿ ಕುಣಿಯುವ ಗಂಡಸರು ಹೆಂಗಸರು ಬಂದೇ ಬರುತ್ತಾರೆ. ಹುಡುಗ ಹುಡುಗಿ ಮೊದಲ ಮಾತು ಆಡುವುದು ಅಲ್ಲಿಯೇ. ಆ ಕಥೆಯನ್ನು ತಂದು ಧಾರವಾಡದಲ್ಲಿ ನಿಲ್ಲಿಸಿದರೆ ಅವರನ್ನು ಎಲ್ಲಿ ಕುಣಿಸುವುದು? ಒಬ್ಬ ಲೇಖಕರು ಗಣಪತಿ ಮೆರವಣಿಗೆಯಲ್ಲಿ ಕುಣಿಸಿ ನೋಡಿದರು. ಆ ಗದ್ದಲದಲ್ಲಿ ಮಾತು ಯಾರಿಗೆ ಕೇಳಬೇಕು? ಇನ್ನೊಬ್ಬರು ಕಾಲೇಜಿನ ವಾರ್ಷಿಕೋತ್ಸವಕ್ಕೆ, ನಮ್ಮ ಕಡೆಯ ಗ್ಯಾದರಿಂಗಿಗೆ, ಒಯ್ದರು. ಅದು ಸರಿಹೋಯಿತೆಂದು ಮುಂದೆ ಎಲ್ಲರೂ ಗ್ಯಾದರಿಂಗನ್ನೇ ಹಿಡಿದು, ಓದುವವರಿಗೆ ಬೇಸರ ಬಂತು. ಕೊನೆಗೆ ನಮಗೆ ಸಿಕ್ಕಿದ್ದು ಮದುವೆ ಮನೆಯ ಪಂಕ್ತಿ. ಹುಡುಗ ಎಲೆಯ ಮುಂದೆ ಕುಳಿತಿರುತ್ತಾನೆ, ಹುಡುಗಿ ಬಡಿಸುತ್ತ ಬರುತ್ತಾಳೆ. ಒಮ್ಮೆ ಕೋಸಂಬರಿ, ಒಮ್ಮೆ ಹೋಳಿಗೆ, ಒಮ್ಮೆ ತುಪ್ಪ. ಪ್ರತಿ ಸಲ ಒಂದೇ ಮಾತು ಆಡಲು ಸಮಯ. ಆಮೇಲೆ ಸಾಲು ಅವಳನ್ನು ಮುಂದೆ ಒಯ್ಯುತ್ತದೆ. ಆ ಕುಣಿತದ ಕಟ್ಟಳೆಯೂ ಇದೇ ಆಗಿತ್ತು. ಸುತ್ತಿ ಬಂದು ಎದುರಾಗುವುದು, ಒಂದು ಮಾತು ಆಡುವುದು, ದೂರವಾಗುವುದು.

ಇಂಥ ಲೆಕ್ಕಾಚಾರದಲ್ಲಿ ನಾನು ಇಪ್ಪತ್ತೆಂಟು ವರ್ಷ ಕಳೆದೆ. ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದೆ. ಕಚೇರಿ ದೇಶಪಾಂಡೆ ನಗರದಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಹಳೆಯ ಇಂಗ್ಲಿಷ್ ಪ್ರೇಮಕಥೆಗಳನ್ನು ಈಗಿನ ಕಾಲಕ್ಕೆ, ನಮ್ಮ ಊರಿಗೆ ಹೊಂದಿಸಿ ಬರೆದ ರೂಪಾಂತರಗಳು ನಮ್ಮಲ್ಲಿ ಧಾರಾವಾಹಿಯಾಗಿ ಬರುತ್ತಿದ್ದವು. ಕೆಲವರು ಮೂಲದ ಹಿಂದೆ ಹಿಂದೆಯೇ ನಡೆಯುತ್ತಿದ್ದರು. ಕೆಲವರು ಬೀಜವನ್ನಷ್ಟೇ ತೆಗೆದುಕೊಂಡು ಬೇರೆ ಗಿಡವನ್ನೇ ಬೆಳೆಸುತ್ತಿದ್ದರು. ಆ ಪುಟಗಳು ನನ್ನ ಪಾಲಿಗೆ ಬಂದಿದ್ದವು. ಬಂದ ಹಸ್ತಪ್ರತಿ ಓದುವುದು, ತಿದ್ದುವುದು, ಪುಟಕ್ಕೆ ಸರಿಯಾಗಿ ಕತ್ತರಿಸುವುದು, ಕಂತಿನ ಕೊನೆಗೆ ಕುತೂಹಲ ಉಳಿದಿದೆಯೇ ಎಂದು ನೋಡುವುದು. ಹೋದ ವರ್ಷ ಪತ್ರಿಕೆ ಮುದ್ರಣ ನಿಲ್ಲಿಸಿತು. ನಾನು ಅವಧಿಗೆ ಸ್ವಲ್ಪ ಮೊದಲೇ ನಿವೃತ್ತಿ ತೆಗೆದುಕೊಂಡೆ. ಈಗ ಇದೇ ಬಗೆಯ ಕಥೆಗಳನ್ನು ಮೊಬೈಲಿನಲ್ಲಿ ಓದಿಸುವ, ಕೇಳಿಸುವ ಸಂಸ್ಥೆಗಳು ಬಂದಿವೆ. ಅಲ್ಲಿ ಸೇರಿಕೊಂಡಿರುವ ಇಬ್ಬರು ಹುಡುಗಿಯರು ಮನೆಗೆ ಬಂದು, ನಿಮ್ಮ ಕಾಲದಲ್ಲಿ ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದರು. ಅವತ್ತು ಚಹಾ ಕೊಟ್ಟು ಏನೋ ನಾಲ್ಕು ಮಾತು ಹೇಳಿ ಕಳಿಸಿದೆ. ಹೇಳಬೇಕಾದದ್ದು ಆಮೇಲೆ ನೆನಪಾಯಿತು.

ನಮ್ಮ ಸಂಪಾದಕರು ದೇಸಾಯಿ ಸರ್. ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಹನ್ನೊಂದಕ್ಕೆ ಒಂದು ಚಹಾ, ನಾಲ್ಕಕ್ಕೆ ಒಂದು. ಹೊಸ ಲೇಖಕರು ಯಾರೇ ಬರಲಿ, ಅವರಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಹುಡುಗಿ ಮೊದಲಿಗೆ ಒಲ್ಲೆ ಅಂತಾಳಲ್ಲ, ಯಾಕ ಒಲ್ಲೆ ಅಂದ್ಲು? ಒಂದ ಮಾತಿನ್ಯಾಗ ಹೇಳ್ರಿ." ಹೇಳಲು ತಡವರಿಸಿದರೆ ಹಸ್ತಪ್ರತಿ ಆ ಮೇಜಿನಿಂದ ಈಚೆ ಬರುತ್ತಿರಲಿಲ್ಲ. ಪ್ರೇಮಕಥೆಗೆ ಪ್ರೇಮಕ್ಕಿಂತ ನಿರಾಕರಣೆ ಮುಖ್ಯ ಎಂದು ನಾನು ಕಲಿತದ್ದು ಅವರಿಂದ. ಅವರಿಗೆ ಇನ್ನೊಂದು ನಂಬಿಕೆಯೂ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಕಷ್ಟ ಕೊಡುತ್ತಿದ್ದ ಎರಡನೆಯ ವಸ್ತು ಪತ್ರ. ಆ ಕಥೆಗಳಲ್ಲಿ ಮುಖ್ಯ ಮಾತೆಲ್ಲ ಪತ್ರದಲ್ಲಿಯೇ ನಡೆಯುವುದು. ನಾಯಕಿ ತಪ್ಪು ತಿಳಿದಿರುತ್ತಾಳೆ, ನಾಯಕ ಉದ್ದನೆಯ ಪತ್ರ ಬರೆದು ಎಲ್ಲ ಬಿಡಿಸಿ ಹೇಳುತ್ತಾನೆ. ಧಾರವಾಡದ ನಿವೃತ್ತ ಮಾಸ್ತರರೊಬ್ಬರು ತಮ್ಮ ನಾಯಕನಿಂದ ಒಂಬತ್ತು ಪುಟದ ಪತ್ರ ಬರೆಯಿಸಿದರು. ಮರುದಿನವೇ ಒಬ್ಬ ಓದುಗರ ಫೋನು. "ಅಲ್ರಿ, ಒಂಬತ್ತು ಪುಟಾ ಬರಿಯೂ ಬದಲಿ ಒಂದು ಫೋನ್ ಹಚ್ಚಬಾರದೇನ್ರಿ ಆ ಮನಶ್ಯಾ?" ಇದನ್ನು ಮಾಸ್ತರರಿಗೆ ಹೇಳಿದರೆ ಅವರಿಗೆ ಸಿಟ್ಟು ಬಂತು. "ಫೋನಿನ್ಯಾಗ ಹೇಳಿದ್ದನ್ನ ಆಕಿ ತಿರುಗಿ ತಿರುಗಿ ಓದಲಿಕ್ಕೆ ಬರತದೇನ್ರಿ?" ಮಾತು ಖರೆಯೇ. ಆದರೂ ಎರಡು ದಿನ ಯೋಚಿಸಿ ಮುಂದಿನ ಕಂತಿನಲ್ಲಿ ಒಂದು ಸಾಲು ಸೇರಿಸಿದರು: ಹುಡುಗಿ ಅವನ ನಂಬರನ್ನು ಬ್ಲಾಕ್ ಮಾಡಿದ್ದಳು. ಆ ಒಂದು ಸಾಲಿನಿಂದ ಒಂಬತ್ತು ಪುಟಕ್ಕೂ ನೆಲೆ ಸಿಕ್ಕಿತು.

ಮಳೆಯಲ್ಲಿ ನೆನೆದು ಜ್ವರ ಬಂದ ನಾಯಕಿ ಪರರ ಮನೆಯಲ್ಲಿ ಎಂಟು ದಿನ ಮಲಗುವುದೂ ಹಾಗೆಯೇ. ನಮ್ಮಲ್ಲಿ ಯಾರು ಮಲಗಿಸಿಕೊಳ್ಳುತ್ತಾರೆ? ಆಟೋ ಮಾಡಿ ಮನೆಗೆ ಕಳಿಸುತ್ತಾರೆ. ಒಬ್ಬರು ಡೆಂಗಿ ಜ್ವರ ಎಂದು ಬರೆದರು, ನಾನು ಹಾಗೆಯೇ ಬಿಟ್ಟೆ. ವೈದ್ಯರೊಬ್ಬರು ಪತ್ರ ಬರೆದು, ಇಂಥ ರೋಗಿಯನ್ನು ಆಸ್ಪತ್ರೆಗೆ ಸೇರಿಸದೆ ಹಾಡು ಕೇಳಿಸುತ್ತ ಕುಳಿತ ನಾಯಕನನ್ನು ಮೊದಲು ಹೊರಗೆ ಹಾಕಿರಿ ಎಂದರು. ಇವೆಲ್ಲ ನಗುವಂಥ ತಪ್ಪುಗಳು. ನಗಲಾಗದಂಥದ್ದು ಒಂದಿದೆ. ಅದರಲ್ಲಿ ನನ್ನ ಕೈಯೇ ಇದ್ದುದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಉಣಕಲ್ಲಿನಿಂದ ಶೈಲಜಾ ಅಂಗಡಿ ಎಂಬ ಹೆಣ್ಣುಮಗಳು ಬರೆಯುತ್ತಿದ್ದಳು. ಮೂವತ್ತು ಮೂವತ್ತೆರಡರ ವಯಸ್ಸು. ಗಂಡ ಮಲ್ಲಿಕಾರ್ಜುನ ಕಾಳುಕಡಿ ವ್ಯಾಪಾರಿ. ಅತ್ತೆ ಗುರುಸಿದ್ದವ್ವ. ಮನೆಯಲ್ಲಿ ಬರೆಯುವುದಕ್ಕೆ ಅಡ್ಡಿ ಇರಲಿಲ್ಲ, ಆದರೆ ಗುರುಸಿದ್ದವ್ವನವರ ಒಂದು ಕಟ್ಟಪ್ಪಣೆ ಇತ್ತು. ಹೆಸರಿನ ಜೊತೆ ಮನೆತನದ ಹೆಸರೂ ಅಚ್ಚಾಗುತ್ತದೆ, ಅದಕ್ಕೆ ಮಾತು ಬಂದ ದಿನ ಪೆನ್ನು ಮುಚ್ಚಿಡಬೇಕು. ಶೈಲಜಾ ಅದನ್ನು ಮೊದಲ ಭೇಟಿಯಲ್ಲಿಯೇ ನನಗೆ ಹೇಳಿದ್ದಳು. ನಕ್ಕೇ ಹೇಳಿದ್ದಳು.

ಅವಳ ಕಥೆ ಹೀಗಿತ್ತು. ಒಂದು ಹಳೆಯ ವಾಡೆ, ದೊಡ್ಡ ಮನೆತನದ ಮನೆ. ಸಾಯುವ ಮೊದಲು ಅಜ್ಜ ಬರೆದಿಟ್ಟಿದ್ದಾನೆ, ವಾಡೆ ಮನೆತನದ ಹೆಸರಿರುವ ಗಂಡಿಗೇ ಹೋಗತಕ್ಕದ್ದು. ಆ ವಾಡೆಯಲ್ಲಿ ಬೆಳೆದ ಮೊಮ್ಮಗಳು ಗೌರಿ, ಅದರ ಅರ್ಧದಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಾಳೆ. ವಾಡೆ ಸಿಗುವುದು ಅವಳ ಸೋದರತ್ತೆಯ ಮಗ ಚಂದ್ರಶೇಖರನಿಗೆ. ಅವನು ಬಂದು, ಗೌರಿಯನ್ನು ನನಗೆ ಕೊಡಿ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಯಾಕೆ ಎಂಬುದಕ್ಕೆ ಶೈಲಜಾ ದೇಸಾಯಿ ಸರ್ ಮುಂದೆ ತಡವರಿಸಲಿಲ್ಲ. "ವಾಡೇದ ಜೋಡಿ ಆಕಿನ್ನೂ ಎಣಿಸ್ಯಾನ್ರಿ ಆವಾ, ಅದಕ್ಕ." ಸರ್ ಹಸ್ತಪ್ರತಿ ಅಲ್ಲಿಯೇ ಇಟ್ಟುಕೊಂಡರು.

ಇಲ್ಲಿ ನಮ್ಮ ಕೆಲಸದ ಒಂದು ಹಳೆಯ ಗಂಟು ಇದೆ. ಇಂಗ್ಲಿಷ್ ಕಥೆಗಳಲ್ಲಿ ಆಸ್ತಿ ಹೋಗುವುದು ತಂದೆಯ ಕಡೆಯ ಗಂಡಿಗೆ. ಅವನೇ ಹುಡುಗಿಯನ್ನೂ ಕೇಳುತ್ತಾನೆ. ಅವರಲ್ಲಿ ಕಾಕಾನ ಮಗ ಅಂದರೆ ಚಿಕ್ಕಪ್ಪನ ಮಗ, ಅತ್ತೆಯ ಮಗ ಎಂಬ ಭೇದವಿಲ್ಲ, ಯಾರನ್ನಾದರೂ ಆಗಬಹುದು. ನಮ್ಮಲ್ಲಿ ಅತ್ತೆಯ ಮಗ ಹುಟ್ಟಿದ ದಿನದಿಂದ ಹಕ್ಕಿನ ವರ, ಕಾಕಾನ ಮಗ ಅಣ್ಣ. ಮನೆತನದ ಹೆಸರಿರುವವನು ಕಾಕಾನ ಮಗ. ಮದುವೆಗೆ ಸಲ್ಲುವವನು ಅತ್ತೆಯ ಮಗ. ಇಬ್ಬರನ್ನೂ ಒಬ್ಬನಲ್ಲಿ ತರುವುದು ಹೇಗೆಂದು ನಮ್ಮ ಲೇಖಕರೆಲ್ಲ ಒದ್ದಾಡಿದ್ದರು. ಶೈಲಜಾ ಅದನ್ನು ಎರಡನೆಯ ಕಂತಿನಲ್ಲಿ ಎರಡೇ ಸಾಲಿನಲ್ಲಿ ಬಿಡಿಸಿದ್ದಳು. ಗೌರಿಯ ಸೋದರತ್ತೆಯ ಗಂಡ ಮನೆ ಅಳಿಯನಾಗಿ ಬಂದವನು; ವಾಡೆಯಲ್ಲಿಯೇ ಉಳಿದ, ಊರು ಅವನನ್ನೂ ಅವನ ಮಗನನ್ನೂ ವಾಡೆಯ ಹೆಸರಿನಿಂದಲೇ ಕರೆಯಿತು, ಸಾಲೆಯಲ್ಲಿಯೂ ಅದೇ ಹೆಸರು ದಾಖಲಾಯಿತು.

ಆ ಎರಡು ಸಾಲನ್ನು ನಾನು ಕತ್ತರಿಸಿದೆ. ಕೊನೆ ಗಳಿಗೆಯಲ್ಲಿ ಸೀರೆ ಅಂಗಡಿಯ ಒಂದು ಜಾಹೀರಾತು ಬಂದಿತ್ತು, ಪುಟದಲ್ಲಿ ಜಾಗ ಬೇಕಾಗಿತ್ತು. ಕಥೆಗೆ ಬೇಡದ ವಿವರ ಎನಿಸಿತು. ಲೇಖಕಿಗೆ ತಿಳಿಸಲಿಲ್ಲ. ಯಾರಿಗೂ ತಿಳಿಸುವ ರೂಢಿ ನಮ್ಮಲ್ಲಿ ಇರಲಿಲ್ಲ. ಹಸ್ತಪ್ರತಿ ಕಚೇರಿಗೆ ಬಂದಮೇಲೆ ಅದು ನಮ್ಮದು ಎಂದೇ ನಾವು ನಡೆದುಕೊಳ್ಳುತ್ತಿದ್ದೆವು.

ನಾಲ್ಕು ವಾರದ ಮೇಲೆ, ಆರನೆಯ ಕಂತಿನ ತಲೆಗೆ ಹಾಕಲು ಶೈಲಜಾ ಬರೆದುಕೊಟ್ಟಿದ್ದ 'ಹಿಂದಿನ ಕಥೆ'ಯ ಕರಡು ನೋಡುತ್ತಿದ್ದೆ. ಅತ್ತೆಯ ಮಗನಿಗೆ ವಾಡೆಯ ಹೆಸರು ಹೇಗೆ ಬಂತು? ಹುಡುಗಿ ಎಡವಿದ್ದಾಳೆ ಎಂದುಕೊಂಡೆ. ನಾನೇ ಕತ್ತರಿಸಿದ ಸಾಲು ನನಗೆ ನೆನಪಾಗಲಿಲ್ಲ. ಕೆಂಪು ಪೆನ್ನಿನಿಂದ "ಅತ್ತೆಯ ಮಗ" ಹೊಡೆದು "ಕಾಕಾನ ಮಗ" ಎಂದು ಬರೆದೆ. ಆಸ್ತಿಯ ದಾರಿ ಸರಿಹೋಯಿತು, ಇಂಗ್ಲಿಷ್ ಕಥೆಗಳಲ್ಲಿಯೂ ಹೀಗೆಯೇ ಇರುತ್ತದೆ ಎಂದು ಸಮಾಧಾನವೂ ಆಯಿತು. ನಮ್ಮಲ್ಲಿ ಅಕ್ಷರ ಜೋಡಿಸುವ, ಡಿಟಿಪಿ ಮಾಡುವ ರಜಾಕ್ ಭಾಯಿ ಕಂಪ್ಯೂಟರಿನ ಮುಂದೆ ಕುಳಿತಿದ್ದರು.

"ಬಾಯಾರ, ಇದು ಭಾಳ ಕಡೆ ಐತ್ರಿ. ಎಲ್ಲಾ ಕಡೆ ಒಮ್ಮೆಲೆ ಬದಲಿ ಮಾಡ್ಲ್ಯಾ?"

"ಮಾಡ್ರಿ."

"ಖರೇನ? ಒಂದು ಬಟನ್ ಒತ್ತಿದ್ರ ಆತು."

"ಮಾಡ್ರಿ ಅಂದೆನಲ್ಲ. ಲಗೂ ಪುಟ ಬಿಡಬೇಕು."

ಮೊದಲೆಲ್ಲ ಒಂದು ಶಬ್ದ ಬದಲಿಸಬೇಕಾದರೆ ಅದು ಬಂದಲ್ಲೆಲ್ಲ ಪೆನ್ನು ಹೋಗಬೇಕಾಗಿತ್ತು. ಪೆನ್ನಿನ ಹಿಂದೆ ಕಣ್ಣೂ ಹೋಗುತ್ತಿತ್ತು. ಈಗ ಹಾಗಲ್ಲ. ಆರನೆಯ ಕಂತೂ ಅದೇ ಫೈಲಿನಲ್ಲಿತ್ತು. ಅದನ್ನು ನಾನು ಎರಡು ದಿನ ಮೊದಲೇ ಓದಿ ಮುಗಿಸಿ ಸಹಿ ಮಾಡಿದ್ದೆ. ಆರನೆಯ ಕಂತಿನಲ್ಲಿಯೇ ಚಂದ್ರಶೇಖರ ಗೌರಿಯ ತಾಯಿಯ ಮುಂದೆ ಕುಳಿತು ಮಗಳನ್ನು ಕೇಳುವುದು. ಹಾಗಾಗಿ ಕಾಕಾನ ಮಗ ತಂಗಿಯನ್ನು ಮದುವೆಗೆ ಕೇಳಿದ, ಅವಳ ತಾಯಿ "ಹಕ್ಕಿನ ಸಂಬಂಧ" ಎಂದು ಹಿಗ್ಗಿದಳು. ಅದು ಹಾಗೆಯೇ ಅಚ್ಚಾಗಿ ಊರೂರಿಗೆ ಹೋಯಿತು.

ಶುಕ್ರವಾರ ಪತ್ರಿಕೆ ಬಂತು. ಹತ್ತು ಗಂಟೆಗೆ ರಾಯಾಪುರದಿಂದ ಮೊದಲ ಫೋನು. "ಏನ್ರಿ ಬಾಯಾರ, ಅಣ್ಣ ತಂಗಿ ಲಗ್ನಾ ಮಾಡಾಕ ಹತ್ತೀರೇನು?" ನಾನು ತಬ್ಬಿಬ್ಬಾಗಿ, ಯಾವ ಪುಟ ಎಂದು ಕೇಳಿದೆ. "ಪುಟಾ ಏನ್ ಕೇಳ್ತೀರಿ, ನೀವು ಓದಂಗಿಲ್ಲೇನು?" ಮಧ್ಯಾಹ್ನದ ಹೊತ್ತಿಗೆ ಫೋನುಗಳನ್ನು ಎಣಿಸುವುದು ಬಿಟ್ಟೆ. ಕೆಲವರು ಬೈದರು, ಕೆಲವರು ನಕ್ಕರು. ಒಬ್ಬರು ಬಹಳ ಸೌಮ್ಯವಾಗಿ, "ಬರದಾಕಿ ನಮ್ಮ ಪೈಕಿ ಅಲ್ಲೇನು? ಹೆಸರು ನೋಡಿದ್ರ ನಮ್ಮಾಕೀನs ಕಾಣ್ತಾಳ" ಎಂದರು. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಸಂಜೆ ಶೈಲಜಾಳ ಫೋನು ಬಂತು. ಅವಳು ಅಳುತ್ತಿರಲಿಲ್ಲ. ಪ್ರತಿ ಶುಕ್ರವಾರ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಅತ್ತೆ, ಅಕ್ಕಪಕ್ಕದ ನಾಲ್ಕು ಹೆಂಗಸರು ಜೋಳ ಹಸನು ಮಾಡುತ್ತ ಕೂಡುತ್ತಿದ್ದರಂತೆ. ಗುರುಸಿದ್ದವ್ವನವರಿಗೆ ಓದಲು ಬಾರದು; ಸೊಸೆ ಕಂತನ್ನು ಗಟ್ಟಿಯಾಗಿ ಓದಬೇಕು. ಅವತ್ತೂ ಓದುತ್ತಿದ್ದಾಳೆ. ಕಾಕಾನ ಮಗ ಎಂಬ ಶಬ್ದ ಕಣ್ಣಿಗೆ ಬಿತ್ತು. ತಾನು ಬರೆದದ್ದಲ್ಲ. ನಾಲಿಗೆ ತಾನಾಗಿ "ಅತ್ತಿ ಮಗ" ಎಂದಿತು. ಹಾಗೆಯೇ ಕೊನೆವರೆಗೆ ಓದಿದಳು. ಪಕ್ಕದ ಮನೆಯ ನೀಲವ್ವ ಮೊದಲೇ ತನ್ನ ಮನೆಯಲ್ಲಿ ಪತ್ರಿಕೆ ಓದಿ ಬಂದಿದ್ದಳು.

"ಶೈಲಾ, ನೀ ಓದಿದ್ದ ಬ್ಯಾರೆ, ಅಚ್ಚಾಗಿದ್ದ ಬ್ಯಾರೆ ಐತಲ್ಲವಾ" ಎಂದಳಂತೆ ನೀಲವ್ವ.

"ಆಮ್ಯಾಲೆ?" ಎಂದೆ.

"ಆಮ್ಯಾಲೇನ್ರಿ ಅಕ್ಕಾರ. ನೀಲವ್ವನ ಕೈಲೆ ಓದಿಸಿದ್ರು ನಮ್ಮ ಅತ್ತಿ. ಕೇಳಿ ಎದ್ದು ಹೋದ್ರು. ಮೊರ ಅಲ್ಲೇ ಬಿಟ್ಟು ಹೋದ್ರು. ಅಂಥಾದ್ದು ಬರದದ್ದಕ್ಕಿಂತ, ಬರದು ಮುಚ್ಚಿ ಓದಿದ್ಲು ಅಂತ ಭಾಳ ಸಿಟ್ಟಾತ್ರಿ ಅವರಿಗೆ. ಎಂಟನೇ ಕಂತು ಬರಿಯೂದಿಲ್ಲ ನಾ. ಏಳನೇದು ನಿಮ್ಮಲ್ಲೇ ಐತಿ. ಅಲ್ಲಿಗೆ ಮುಗಸ್ರಿ."

"ಶೈಲಜಾ, ಆ ಶಬ್ದ ನಾ ಬದಲಿ ಮಾಡಿದ್ದು" ಎಂದೆ.

"ಗೊತ್ತದ್ರಿ" ಎಂದಳು. "ನನಗ ಗೊತ್ತಾಗಿ ಏನ್ ಮಾಡೂದೈತಿ?"

ಆಮೇಲೆ ಕಪಾಟಿನಿಂದ ಅವಳ ಹಸ್ತಪ್ರತಿಗಳನ್ನು ತೆಗೆದು ಮೊದಲಿನಿಂದ ನೋಡಿದೆ. ಎರಡನೆಯ ಕಂತಿನಲ್ಲಿ ಮನೆ ಅಳಿಯನ ಎರಡು ಸಾಲು, ಅವುಗಳ ಮೇಲೆ ನನ್ನ ಕೆಂಪು ಗೆರೆ. ತಪ್ಪಿಗೆ ಕಾರಣವನ್ನೂ ನಾನೇ ಹುಟ್ಟಿಸಿ, ಆಮೇಲೆ ತಪ್ಪನ್ನೂ ನಾನೇ ಮಾಡಿದ್ದೆ. ಯಾವ ಗಂಟನ್ನು ಬಿಡಿಸಲು ನಮ್ಮಲ್ಲಿ ಯಾರಿಗೂ ಆಗಿರಲಿಲ್ಲವೋ ಅದನ್ನು ಇವಳು ಬಿಡಿಸಿದ್ದಳು. ನಾನು ಓದಿ, ಬೇಡದ ವಿವರ ಎಂದಿದ್ದೆ.

ಸೋಮವಾರ ದೇಸಾಯಿ ಸರ್ ಮುಂದೆ ಎಲ್ಲ ಹೇಳಿದೆ. ಅವರ ಇನ್ನೊಂದು ನಂಬಿಕೆ ಎಂದೆನಲ್ಲ, ಅದು ಇಲ್ಲಿ ಬರುತ್ತದೆ. ಪತ್ರಿಕೆ ತಪ್ಪು ಮಾಡುವುದಿಲ್ಲ. ಲೇಖಕರು ಮಾಡುತ್ತಾರೆ, ಅಚ್ಚಿನ ಯಂತ್ರ ಮಾಡುತ್ತದೆ. ಸಂಪಾದಕೀಯ ಮೇಜು ತಪ್ಪಿತು ಎಂದು ಅಚ್ಚಿನಲ್ಲಿ ಒಪ್ಪಿಕೊಂಡರೆ ನಾಳೆಯಿಂದ ಪ್ರತಿ ಲೇಖಕನೂ ಬಂದು ಜಗಳ ತೆಗೆಯುತ್ತಾನೆ ಎನ್ನುತ್ತಿದ್ದರು.

"ಕಥಿಯೊಳಗs ಸರಿ ಮಾಡೋಣ" ಎಂದರು. "ಚಂದ್ರಶೇಖರ ದತ್ತಕ ಬಂದಾನ ಅಂತ ಏಳನೇ ಕಂತಿನ್ಯಾಗ ಸೇರಿಸ್ರಿ. ಹುಟ್ಟಿದ್ದು ಬ್ಯಾರೆ ಕಡೆ, ಕಾಕಾ ದತ್ತು ತೊಗೊಂಡಾನ. ರಕ್ತಸಂಬಂಧ ಇಲ್ಲ. ಆತಲ್ಲ?"

"ಸರ್, ದತ್ತು ಬಂದ್ರೂ ಅಣ್ಣನs ಆಗ್ತಾನ್ರಿ. ಇನ್ನೂ ಗಟ್ಟಿ ಅಣ್ಣ."

ಅವರು ಕನ್ನಡಕದ ಮೇಲಿಂದ ನೋಡಿದರು. ಒಂದು ಕ್ಷಣ ನಗು ಬಂದದ್ದು ನನಗೆ ಕಾಣಿಸಿತು, ಆದರೆ ನಗಲಿಲ್ಲ. "ಹಂಗಾದ್ರ ಅಚ್ಚಿನ ದೋಷ ಅಂತ ಒಂದು ಸಾಲು ಹಾಕ್ರಿ."

"ಅಚ್ಚಿನ ದೋಷ ಹದಿನಾಲ್ಕು ಕಡೆ ಒಂದs ಥರಾ ಆಗತದೇನ್ರಿ?"

"ವತ್ಸಲಾಬಾಯಿ, ಎರಡು ವಾರ ತಡೀರಿ. ಜನಾ ಮರೀತಾರ."

ಜನ ಮರೆಯುತ್ತಾರೆ ಎಂಬುದರಲ್ಲಿ ಸಂಶಯ ಇರಲಿಲ್ಲ. ಆ ಪಡಸಾಲೆ ಮರೆಯುವುದಿಲ್ಲ ಎಂಬುದರಲ್ಲಿಯೂ ಇರಲಿಲ್ಲ.

ಮರುದಿನ ಹಸ್ತಪ್ರತಿಯನ್ನು ಚೀಲದಲ್ಲಿ ಹಾಕಿಕೊಂಡು ಉಣಕಲ್ಲಿಗೆ ಹೋದೆ. ಮಧ್ಯಾಹ್ನ ಊಟಕ್ಕೆ ಮಲ್ಲಿಕಾರ್ಜುನ ಮನೆಗೆ ಬಂದಿರುತ್ತಾನೆ ಎಂದು ಶೈಲಜಾ ಹೇಳಿದ್ದಳು. ಅಕ್ಷರ ಓದಿ ಹೇಳಲು ಮನೆಯವರೇ ಒಬ್ಬರು ಬೇಕಾಗಿತ್ತು. ನಾನು ಓದಿದರೆ ನಂಬಬೇಕೆಂದಿಲ್ಲ. ಗುರುಸಿದ್ದವ್ವ ಬಾಗಿಲ ಹತ್ತಿರ ಕುಳಿತಿದ್ದರು. ಅರವತ್ತೈದರ ಆಚೆ ಈಚೆ. ಹಣೆಯ ತುಂಬ ವಿಭೂತಿ. ಕುಳಿತುಕೊಳ್ಳಲು ಹೇಳಿದರು, ನೀರು ಕೊಡಿಸಿದರು. ಮಾತು ಮಾತ್ರ ಮಗನ ಕಡೆಗೆ ನೋಡಿ ಆಡಿದರು.

"ಏನಂತ ಬಂದಾರ ಕೇಳು."

ನಾನು ಹಾಳೆಗಳನ್ನು ಮಲ್ಲಿಕಾರ್ಜುನನ ಕೈಗೆ ಕೊಟ್ಟೆ. ನೀಲಿ ಅಕ್ಷರ ಶೈಲಜಾಂದು, ಕೆಂಪು ನಂದು, ಮೊದಲು ನೀಲಿ ಓದಿರಿ, ಆಮೇಲೆ ಕೆಂಪು ಓದಿರಿ ಎಂದೆ. ಅವನು ಓದಿದ. ಮನೆ ಅಳಿಯನ ಸಾಲು ಬಂದಾಗ ಗುರುಸಿದ್ದವ್ವ ತಲೆ ಎತ್ತಿದರು.

"ಮತ್ತೊಮ್ಮೆ ಓದು."

ಮತ್ತೊಮ್ಮೆ ಓದಿದ.

"ಇದನ್ನ ಯಾಕ ತಗದ್ರಿ?" ಈಗ ನನ್ನನ್ನೇ ಕೇಳಿದರು.

"ಸೀರಿ ಜಾಹೀರಾತಿಗೆ ಜಾಗ ಬೇಕಾಗಿತ್ರಿ."

"ಸೀರಿಗೆ!" ಎಂದರು. ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಶೈಲಜಾ ನೆಲ ನೋಡುತ್ತಿದ್ದಳು. "ನಿಮ್ಮಲ್ಲಿ ಕಾಕಾನ ಮಗನ್ನ ಏನಂತಾರ?"

"ಅಣ್ಣ ಅಂತೇವ್ರಿ."

"ಹಂಗಾದ್ರ ಗೊತ್ತಿದ್ದs ಬರದ್ರಿ?"

"ಗೊತ್ತಿತ್ತು. ಆದ್ರ ಆ ಹೊತ್ತಿನ್ಯಾಗ ನಾ ವಾಡೇನ ನೋಡಾಕತ್ತಿದ್ದೆ, ಹುಡುಗಿನ್ನ ನೋಡ್ಲಿಲ್ಲ."

ಇದನ್ನು ನಾನು ಯೋಚಿಸಿ ಹೇಳಲಿಲ್ಲ. ಹೇಳಿದ ಮೇಲೆ ಅದೇ ನಿಜ ಎನಿಸಿತು. ಗುರುಸಿದ್ದವ್ವ ಮಗನ ಕೈಯಿಂದ ಹಾಳೆಗಳನ್ನು ತೆಗೆದು ನನಗೆ ತಿರುಗಿ ಕೊಟ್ಟರು.

"ಕುಲಾ ಕೆಡಿಸಿದವರು ನೀವು, ಹೆಸರು ಕೆಟ್ಟಿದ್ದು ನಮ್ಮ ಸೊಸೀದು. ನನಗ ಬಂದು ಹೇಳಿದ್ರಿ, ಛಲೋ ಆತು. ನೀಲವ್ವಗ ಯಾರು ಹೇಳವರು? ಪೇಪರ ಓದಿದವರಿಗೆಲ್ಲಾ ಯಾರು ಹೇಳವರು? ಎಲ್ಲಿ ಕೆಡಿಸೀರಿ ಅಲ್ಲೇ ಸರಿ ಮಾಡ್ರಿ. ಅಲ್ಲೀತನಾ ಈಕಿ ಬರಿಯೂದಿಲ್ಲ. ಬಿಟ್ಟs ಬಿಡ್ತಾಳ."

"ಅತ್ತಿ..." ಎಂದಳು ಶೈಲಜಾ.

"ನೀ ಸುಮ್ಮನಿರು. ಬರದಿದ್ದನ್ನ ಬ್ಯಾರೆ ಓದಿ ನನ್ನ ಮುಂದ ಮುಚ್ಚಿದಾಕಿ ನೀ. ಇವರು ಮಾಡ್ಯಾರ ಅಂತ ಅವತ್ತs ಹೇಳಿದ್ರ ನಾ ಎದ್ದು ಹೋಗತಿದ್ನ್ಯಾ?"

ಕಚೇರಿಗೆ ಬಂದು ಒಂದು ಹಾಳೆಯಲ್ಲಿ ಆರು ಸಾಲು ಬರೆದೆ. ಆರನೆಯ ಕಂತಿನಲ್ಲಿ ಕಾಕಾನ ಮಗ ಎಂದಿರುವಲ್ಲೆಲ್ಲ ಲೇಖಕಿ ಅತ್ತೆಯ ಮಗ ಎಂದೇ ಬರೆದಿದ್ದರು. ಎರಡನೆಯ ಕಂತಿನಲ್ಲಿ ಅವರು ಕೊಟ್ಟ ವಿವರವನ್ನೂ ನಾನೇ ಕತ್ತರಿಸಿದ್ದೆ, ಅದು ಹೀಗಿದೆ. ಲೇಖಕಿಯದು ಯಾವ ತಪ್ಪೂ ಇಲ್ಲ. ಕೆಳಗೆ ನನ್ನ ಹೆಸರು. ಓದುಗರ ಪತ್ರಗಳ ಪುಟ ನನ್ನ ಕೈಯಲ್ಲೇ ಇತ್ತು. ಕೇಳದೆ ಹಾಕಿಬಿಡಬಹುದಾಗಿತ್ತು. ಹಾಗೆ ಮಾಡಲಿಲ್ಲ. ಮೇಲಿನ ಮೂಲೆಯಲ್ಲಿ, ಎಲ್ಲಕ್ಕೂ ಮೊದಲು ಕಾಣುವ ಹಾಗೆ ಹಾಕಿಸಿ ಪುಟವನ್ನು ದೇಸಾಯಿ ಸರ್ ಮೇಜಿನ ಮೇಲಿಟ್ಟೆ.

ಅವರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಓದಿದರು.

"ಪತ್ರಿಕೆ ಅಂತ ಎಲ್ಲೂ ಬರದಿಲ್ಲ ನೀವು."

"ಇಲ್ರಿ. ನಾನು ಅಂತ ಬರದೇನಿ."

"ನಿಮ್ಮ ಹೆಸರು ಕೆಡತದ."

"ನಂದs ತಪ್ಪು ಸರ್. ಆಕೀದು ಕೆಡೂದಕ್ಕಿಂತ ಇದು ಬರೋಬ್ಬರಿ."

ಸಹಿ ಮಾಡಿದರು. ಎಂಟು ದಿನ ನಾಲ್ಕು ಗಂಟೆಯ ಚಹಾಕ್ಕೆ ನನ್ನನ್ನು ಕರೆಯಲಿಲ್ಲ. ಒಂಬತ್ತನೆಯ ದಿನ ಕರೆದರು. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಲೇಖಕರು ಯಾರೂ ಜಗಳಕ್ಕೆ ಬರಲಿಲ್ಲ. ಒಂಬತ್ತು ಪುಟದ ಪತ್ರದ ಮಾಸ್ತರರು ಮಾತ್ರ ಫೋನು ಮಾಡಿ, ನನ್ನ ಯಾವ ಯಾವ ಸಾಲುಗಳನ್ನು ಇಷ್ಟು ವರ್ಷದಲ್ಲಿ ಕತ್ತರಿಸಿದ್ದೀರಿ, ಒಂದು ಪಟ್ಟಿ ಕೊಡುತ್ತೀರಾ ಎಂದು ಕೇಳಿದರು.

ಏಳನೆಯ ಕಂತಿನ ಜೊತೆಗೆ ಆ ಆರು ಸಾಲು ಅಚ್ಚಾಯಿತು. ಉಣಕಲ್ಲಿನಿಂದ ಸುದ್ದಿ ಇಲ್ಲ. ಶನಿವಾರ ಇಲ್ಲ, ಸೋಮವಾರ ಇಲ್ಲ. ನಾನಾಗಿಯೇ ಫೋನು ಮಾಡುವುದು ಬೇಡ ಎಂದು ತಡೆದುಕೊಂಡೆ. ಎಂಟನೆಯ ಕಂತು ಬುಧವಾರ ಬೆಳಿಗ್ಗೆ ಪುಟಕ್ಕೆ ಹೋಗಬೇಕು. ಬಾರದಿದ್ದರೆ "ಲೇಖಕಿಯ ಅನಾರೋಗ್ಯದ ಕಾರಣ" ಎಂದು ಹಾಕುವುದು ರೂಢಿ. ಇನ್ನೊಂದು ಸುಳ್ಳನ್ನು ಅವಳ ಹೆಸರಿನ ಕೆಳಗೆ ಹಾಕಲು ಮನಸ್ಸಾಗದೆ, ಒಂದು ಅಡುಗೆ ಲೇಖನ ತೆಗೆದಿಟ್ಟುಕೊಂಡೆ.

ಮಂಗಳವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ ಕೇಳಿಸಿತು. ಗುರುಸಿದ್ದವ್ವ, ಒಬ್ಬರೇ. ಉಣಕಲ್ಲಿನಿಂದ ಬಸ್ಸಿನಲ್ಲಿ ಬಂದಿದ್ದರು. ಕೈಯಲ್ಲಿ ಬಟ್ಟೆಯ ಚೀಲ. ಅದರಿಂದ ಹಾಳೆಗಳ ಕಟ್ಟನ್ನು ತೆಗೆದು ನನ್ನ ಮುಂದೆ ಇಟ್ಟರು.

"ನಿಮ್ಮ ಆರು ಸಾಲು ನೀಲವ್ವನs ಓದಿದ್ಲು, ಎಲ್ಲಾರ ಮುಂದ. ಇದು ಎಂಟನೇದು. ಆಕಿ ಕೊಟ್ಟು ಬರ್ತೇನಿ ಅಂದ್ಲು. ನಾನs ಹೋಗ್ತೇನಿ ಅಂದೆ. ಓದ್ರಿ, ನಾ ಕುಂತಿರ್ತೇನಿ."

"ಈಗಾ?"

"ಮತ್ಯಾವಾಗ?"

ಓದತೊಡಗಿದೆ. ಅವರು ಎದುರಿನ ಕುರ್ಚಿಯಲ್ಲಿ ಕುಳಿತು ನನ್ನ ಮುಖ ನೋಡಲಿಲ್ಲ, ಬಲಗೈ ನೋಡುತ್ತಿದ್ದರು. ರಜಾಕ್ ಭಾಯಿಯೂ ಕೆಲಸ ನಿಲ್ಲಿಸಿ ಕುಳಿತಿದ್ದರು. ಚಂದ್ರಶೇಖರ ಎರಡನೆಯ ಸಲ ವಾಡೆಗೆ ಬರುವ ಕಂತು ಅದು. ನಾಲ್ಕನೆಯ ಪುಟದಲ್ಲಿ ಗೌರಿಯ ತಾಯಿ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ, ಅವನಿಗೆ ಬಾಗಿಲು ತೆಗೆಯುವಂತೆ ಮಗಳನ್ನು ಕೂಗುತ್ತಾಳೆ. ಏಳನೆಯ ಕಂತಿನ ಕೊನೆಗೆ ಆ ತಾಯಿ ಮುನಿಸಿಕೊಂಡು ಬೆಳಗಾವಿಯ ತವರಿಗೆ ಹೋಗಿದ್ದಳು. ನನಗೆ ಗೊತ್ತಾಗುವ ಮೊದಲೇ ಕೆಂಪು ಪೆನ್ನು ಕೈಗೆ ಬಂದಿತ್ತು. ತಾಯಿಯ ಜಾಗದಲ್ಲಿ ನೆರೆಮನೆಯವಳು ಎಂದರೆ ಮುಗಿಯಿತು. ಒಂದೇ ಶಬ್ದ.

"ಯಾಕ ನಿಂತ್ರಿ?" ಎಂದರು ಗುರುಸಿದ್ದವ್ವ.

"ಇಲ್ಲೊಂದು ತಪ್ಪದ್ರಿ. ಗೌರಿ ಅವ್ವ ತವರಿಗೆ ಹೋಗ್ಯಾಳ. ಇಲ್ಲಿ ಮನ್ಯಾಗ ಇದ್ದಾಳ."

"ಹೌದಲ್ಲ" ಎಂದರು ಅವರು, ತಮಗೂ ಹೊಳೆದಿರಲಿಲ್ಲ ಎನ್ನುವ ಹಾಗೆ. "ತವರಿಗೆ ಹ್ವಾದಾಕಿ ಇಷ್ಟು ಲಗೂ ಯಾಕ ಬಂದಾಳು? ಮತ್ತ ಈಗ?"

ಪೆನ್ನಿಗೆ ಟೋಪಿ ಹಾಕಿ ಕೆಳಗಿಟ್ಟೆ. ಶೈಲಜಾಳಿಗೆ ಫೋನು ಹಚ್ಚಿ, ಗುರುಸಿದ್ದವ್ವನವರಿಗೂ ಕೇಳಿಸುವ ಹಾಗೆ ಮೇಜಿನ ಮೇಲಿಟ್ಟೆ. ತಪ್ಪು ಎಲ್ಲಿದೆ ಎಂದು ಹೇಳಿ, ಏನು ಮಾಡಲಿ ಎಂದು ಕೇಳಿದೆ. ಅಷ್ಟು ವರ್ಷದಲ್ಲಿ ಯಾವ ಲೇಖಕರಿಗೂ ಆ ಪ್ರಶ್ನೆ ಕೇಳಿರಲಿಲ್ಲ.

"ಅಯ್ಯ, ಆಕಿನ್ನ ಬೆಳಗಾವಿಗೆ ಕಳಿಸಿದ್ದ ಮರತs ಬಿಟ್ಟೆನ್ರಿ" ಎಂದಳು. ಹಿಂದೆ ಎಲ್ಲೋ ಕುಕ್ಕರು ಕೂಗಿದ್ದು ಕೇಳಿಸಿತು. ನಾನು ನೆರೆಮನೆಯವಳ ಮಾತು ಎತ್ತಬೇಕೆಂದಿದ್ದೆ, ಎತ್ತಲಿಲ್ಲ. "ಅಕ್ಕಾರ, ಹಿಂಗ ಮಾಡ್ರಿ. ಅವ್ವ ಬ್ಯಾಡ. ರೊಟ್ಟಿ ಗೌರೀನs ಬಡೀಲಿ. ಮನ್ಯಾಗ ಯಾರೂ ಇಲ್ಲ. ಎರಡೂ ಕೈ ಹಿಟ್ಟಾಗ್ಯಾವ. ಆವಾ ಬಂದು ಬಾಗಿಲಾಗ ನಿಂತಾನ. ಸೆರಗ ಸರಿ ಮಾಡಿಕೊಳ್ಳಾಕೂ ಬರಂಗಿಲ್ಲ ಆಕಿಗೆ, ಬಾಗಿಲಾ ಹಾಕಾಕೂ ಬರಂಗಿಲ್ಲ. ಆವಾ ನಿಂತು ನೋಡ್ತಾನ. ಆಕಿ ರೊಟ್ಟಿ ಹಂಚಿಗೆ ಹಾಕ್ತಾಳ. ಅಷ್ಟ."

ರಜಾಕ್ ಭಾಯಿ ಮೆಲ್ಲಗೆ "ವಾಹ್" ಎಂದರು.

ನಾನು ಗುರುಸಿದ್ದವ್ವನವರ ಕಡೆ ನೋಡಿದೆ. ಅವರು ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡರು.

"ಕೇಳಿದ್ರಲ್ಲ. ಬರೀರಿ. ಆಕಿ ಅಂದಷ್ಟs."

ನಾನು ಅಷ್ಟನ್ನೇ ಬರೆದೆ.